ಸಾಮ್ಯ ಹೇಳಿ ಸುಮ್ಮನಾಗುವುದು

ಧಾರವಾಡ ಸೀಮೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ನಾನು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಸತ್ಯವೇದದ, ಅಂದರೆ ಬೈಬಲಿನ, ಪಾಠ ಹೇಳುತ್ತ ಬಂದಿದ್ದೇನೆ, ಮೊದಲು ಸಂಡೇ ಸ್ಕೂಲಿನ ಮಕ್ಕಳಿಗೆ, ಆಮೇಲೆ ದೊಡ್ಡವರಿಗೆ. ಯೇಸು ಸ್ವಾಮಿಯ ಸಾಮ್ಯಗಳನ್ನು, ಅಂದರೆ ಆತನು ಹೇಳಿದ ಹೋಲಿಕೆಯ ಕಥೆಗಳನ್ನು, ಮೊದಲ ಹತ್ತು ವರ್ಷ ಕಲಿಸಿದ ರೀತಿಯನ್ನು ನೆನೆದರೆ ಈಗ ನನಗೇ ಸಂಕೋಚವಾಗುತ್ತದೆ. ಕಠಿಣವಾದ ಉಪದೇಶ ಓದುಬರಹವಿಲ್ಲದ ಜನರಿಗೂ ತಿಳಿಯಲೆಂದು ಆತನು ಕಥೆಗಳನ್ನು ಹೇಳಿದನು ಎಂದು ಪೀಠಿಕೆ ಹಾಕಿ, ಭಾಗವನ್ನು ಓದಿಸಿ, ಕರಿಹಲಗೆಯ ಮೇಲೆ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಬೀಜ, ಹಕ್ಕಿ, ಮುಳ್ಳುಗಿಡ ಎಂದೂ ಬಲಕ್ಕೆ ವಾಕ್ಯ, ಸೈತಾನ, ಪ್ರಪಂಚದ ಚಿಂತೆ ಎಂದೂ ಬರೆಯುತ್ತಿದ್ದೆ. ಮಕ್ಕಳು ಅದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು.

ಒಂದು ಭಾನುವಾರ ದೊಡ್ಡವರ ಪಾಠದಲ್ಲಿ, ಬಿತ್ತುವವನೊಬ್ಬನ ಬೀಜ ಹಾದಿಯಲ್ಲಿ, ಕಲ್ಲುನೆಲದಲ್ಲಿ, ಮುಳ್ಳುಗಿಡಗಳಲ್ಲಿ, ಒಳ್ಳೆಯ ನೆಲದಲ್ಲಿ ಬಿದ್ದ ಕಥೆಯಿರುವ ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯವನ್ನು ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ರೈತರೊಬ್ಬರು, "ಮಾಸ್ತರ್ರ, ಹಾದಿ ಮ್ಯಾಲ, ಕಲ್ಲಿನ ಮ್ಯಾಲ ಯಾರರ ಬಿತ್ತತಾರೇನ್ರೀ? ಬೀಜಕ್ಕ ರೊಕ್ಕ ಕೊಟ್ಟಿರಂಗಿಲ್ಲೇನು?" ಎಂದು ಕೇಳಿದರು. ಜೋಳ, ಕಡಲೆಗಳನ್ನು ಕೂರಿಗೆಯ ಬಟ್ಟಲಿಗೆ ಹಿಡಿಹಿಡಿಯಾಗಿ ಬಿಟ್ಟು ಸಾಲು ಹಿಡಿದು ಬಿತ್ತುವ ಸೀಮೆಯಲ್ಲಿ ಇದು ತೀರ ಸಹಜವಾದ ಪ್ರಶ್ನೆ. ಪಲೆಸ್ತೀನಿನಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರೆಂದೂ, ಬಿತ್ತಿದ ಮೇಲೆ ನೆಲ ಉಳುತ್ತಿದ್ದರೆಂದು ಯೋವಾಕಿಮ್ ಯೆರೆಮಿಯಾಸ್ ಎಂಬ ಜರ್ಮನ್ ವಿದ್ವಾಂಸರು ವಾದಿಸಿದ್ದಾರೆಂದೂ, ಅದನ್ನು ಒಪ್ಪದವರೂ ಇದ್ದಾರೆಂದೂ ಹೇಳಿ ಆ ದಿನ ಪಾರಾದೆ. ಆದರೆ ಮನೆಗೆ ಬಂದ ಮೇಲೂ ಪ್ರಶ್ನೆ ಬಿಡಲಿಲ್ಲ. ನೀನು ಯಾವ ನೆಲ, ನೀನು ಯಾವ ನೆಲ ಎಂದು ನಾನು ಇಷ್ಟು ವರ್ಷ ಕೇಳುವವರನ್ನು ಪೀಡಿಸಿದ್ದೆನೇ ಹೊರತು, ಫಲ ಬಾರದ ಕಡೆಗೂ ಕೈಬಿಚ್ಚಿ ಎರಚುವ ಈ ಬಿತ್ತುವವನು ಎಂಥವನು ಎಂದು ಒಮ್ಮೆಯೂ ಕೇಳಿರಲಿಲ್ಲ. ಅದೇ ಅಧ್ಯಾಯದ 18ನೆಯ ವಚನ ಇದನ್ನು ನೆಲಗಳ ಸಾಮ್ಯ ಎನ್ನದೆ ಬಿತ್ತುವವನ ಸಾಮ್ಯ ಎಂದೇ ಕರೆಯುತ್ತದೆ.

ಅಲ್ಲಿಂದ ನಾನು ಸಾಮ್ಯವೆಂಬ ಮಾತನ್ನೇ ಮತ್ತೆ ಕಲಿಯಲು ಹೊರಟೆ. ಗ್ರೀಕಿನ 'ಪರಬೊಲೆ' ಎಂದರೆ ಒಂದರ ಪಕ್ಕಕ್ಕೆ ಇನ್ನೊಂದನ್ನು ಹಾಕುವುದು. ನಮ್ಮ ಸಾಮ್ಯ, ಕಥೋಲಿಕರ ಸಾಮತಿ, ಎರಡೂ ಹೋಲಿಕೆಯ ಕಡೆಗೇ ಬೆರಳು ತೋರಿಸುತ್ತವೆ. ಆದರೆ ಇದರ ಹಿಂದಿರುವ ಹೀಬ್ರೂವಿನ 'ಮಾಷಾಲ್' ಎಂಬ ಪದದಲ್ಲಿ ಗಾದೆಯೂ ಒಗಟೂ ಸೇರುತ್ತವೆ. ಒಗಟು ಹಾಕಿದ ಅಜ್ಜಿ ಉತ್ತರವನ್ನೂ ತಾನೇ ಹೇಳಿಬಿಟ್ಟರೆ ಆಟವೇ ಮುಗಿಯಿತು. ನಾನು ಹತ್ತು ವರ್ಷ ಮಾಡಿದ್ದು ಅದನ್ನೇ.

ಸಾಮ್ಯವು ವಿಷಯವನ್ನು ಸುಲಭ ಮಾಡುವುದಕ್ಕಾಗಿ ಎಂಬ ನನ್ನ ಪೀಠಿಕೆಯೂ ಸುವಾರ್ತೆಯ ಮುಂದೆ ನಿಲ್ಲಲಿಲ್ಲ. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಶಿಷ್ಯರು ಸಾಮ್ಯಗಳ ವಿಷಯ ಕೇಳಿದಾಗ ಯೇಸು ಕೊಡುವ ಉತ್ತರ ಬಹಳ ಬಿರುಸಾದದ್ದು: ಹೊರಗಿನವರಿಗೆ ಎಲ್ಲವೂ ಸಾಮ್ಯಗಳಾಗಿ ಬರುತ್ತವೆ, ಅವರು ಕಣ್ಣಾರೆ ನೋಡಿದರೂ ಕಾಣದ ಹಾಗೆ, ಕಿವಿಯಾರೆ ಕೇಳಿದರೂ ತಿಳಿಯದ ಹಾಗೆ. ಇದು ಯೆಶಾಯನ ಪ್ರವಾದನೆಯ 6ನೆಯ ಅಧ್ಯಾಯದ ಮಾತು. ಮಾರ್ಕನ ಗ್ರೀಕಿನಲ್ಲಿ ಇಲ್ಲಿ ಬರುವ ಪದ 'ಕಾಣದಿರಲೆಂದು' ಎಂಬ ಅರ್ಥ ಕೊಟ್ಟರೆ, ಮತ್ತಾಯನು 'ಅವರು ಕಾಣದೆ ಇರುವುದರಿಂದ' ಎಂದು ಬರೆಯುತ್ತಾನೆ. ಮಾರ್ಕನ ಮಾತು ಮತ್ತಾಯನಿಗೂ ಸ್ವಲ್ಪ ಕಷ್ಟವಾಗಿರಬೇಕು ಎಂಬುದು ನನ್ನ ಊಹೆ. ಹಾಗೆಂದು ವಿವರಣೆಯೇ ಕೂಡದೆಂದಲ್ಲ. ಬಿತ್ತುವವನ ಸಾಮ್ಯಕ್ಕೂ ಕಳೆಯ ಸಾಮ್ಯಕ್ಕೂ ಯೇಸುವೇ ಅರ್ಥ ಹೇಳುತ್ತಾನೆ. ಆದರೆ ಯಾರಿಗೆ? ಗುಂಪು ಚದುರಿದ ಮೇಲೂ ಹೋಗದೆ ಉಳಿದು ಕೇಳಿದವರಿಗೆ. ನಾನೋ ಯಾರೂ ಕೇಳುವ ಮೊದಲೇ ಬಡಿಸಿಬಿಡುತ್ತಿದ್ದೆ.

ನನಗೆ ದಾರಿ ತೋರಿಸಿದ್ದು ಸತ್ಯವೇದದ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ನಾತಾನ. ತನ್ನ ಸೈನಿಕನಾದ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತಂದುಕೊಂಡ ಅರಸ ದಾವೀದನ ಮುಂದೆ ನಿಂತು ಈ ಪ್ರವಾದಿ ನೇರವಾಗಿ ಆಪಾದಿಸುವುದಿಲ್ಲ. ಬಡವನ ಒಂದೇ ಒಂದು ಹೆಣ್ಣು ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆ ಹೇಳುತ್ತಾನೆ. ಅರಸನು ಸಿಟ್ಟಿನಿಂದ ತೀರ್ಪು ಕೊಟ್ಟಾಗ, ಆ ಮನುಷ್ಯನು ನೀನೇ ಎನ್ನುತ್ತಾನೆ. ಕೇಳುವವನ ಬಾಯಿಂದ ತೀರ್ಪು ಹೊರಬರುವ ತನಕ ಹೇಳುವವನು ಕಾಯಬೇಕು.

ಆದ್ದರಿಂದ ಮತ್ತಾಯ 20ರ ದ್ರಾಕ್ಷಿತೋಟದ ಕೂಲಿಗಳ ಸಾಮ್ಯವನ್ನು ತೆಗೆದುಕೊಂಡಾಗ ನಾನು ಕರಿಹಲಗೆಯ ಕಡೆ ಹೋಗಲೇ ಇಲ್ಲ. ಹತ್ತಿ ಬಿಡಿಸಲು ಕೂಲಿಗೆ ಹೋಗುವ ಹೆಂಗಸರೇ ಹೆಚ್ಚಾಗಿದ್ದ ಗುಂಪು ಅದು. ಬೆಳಗಿನಿಂದ ದುಡಿದವರಿಗೂ ಸಂಜೆ ಐದಕ್ಕೆ ಬಂದವರಿಗೂ ಯಜಮಾನನು ಒಂದೇ ದೆನಾರಿಯಸ್, ಅಂದರೆ ಒಂದು ದಿನದ ಪೂರ್ತಿ ಕೂಲಿ, ಕೊಟ್ಟನು ಎಂಬಲ್ಲಿಗೆ ಓದಿ ಪುಸ್ತಕ ಮುಚ್ಚಿದೆ. "ಹಿಂಗಾದ್ರ ನಾಳಿ ಮುಂಜಾನೆದ್ದು ಯಾರ್ ಬರ್ತಾರ್ರೀ?" ಎಂದು ಹಿರಿಯ ಹೆಂಗಸೊಬ್ಬರು ಸಿಟ್ಟಾದರು. ಇನ್ನೊಬ್ಬರು, ಕಡೆಗೆ ಬಂದವರಿಗೆ ಮೊದಲು ಕೊಟ್ಟದ್ದೇ ಯಜಮಾನನ ತಪ್ಪು, ಮೊದಲಿನವರಿಗೆ ಕೊಟ್ಟು ಕಳಿಸಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ ಎಂದರು. ಯಾವ ವ್ಯಾಖ್ಯಾನದ ನೆರವೂ ಇಲ್ಲದೆ ಅವರು ಸಾಮ್ಯದ ಕೀಲನ್ನೇ ಹಿಡಿದಿದ್ದರು: ಮೊದಲು ಬಂದವರು ನೋಡಲೆಂದೇ ಆ ಸರದಿ. ಆಗ ಪುಸ್ತಕ ತೆರೆದು ಯಜಮಾನನ ಕಡೆಯ ಪ್ರಶ್ನೆಯನ್ನು, ನಾನು ಒಳ್ಳೆಯವನಾದದ್ದಕ್ಕೆ ನಿನಗೇಕೆ ಹೊಟ್ಟೆಕಿಚ್ಚು ಎಂಬರ್ಥದ ಆ ಮಾತನ್ನು, ಓದಿದೆ. ಸಿಟ್ಟಾಗಿದ್ದ ಹಿರಿಯರು ಏನೂ ಹೇಳಲಿಲ್ಲ. ಒಪ್ಪಿದರೆಂದೂ ನಾನು ಹೇಳಲಾರೆ. ಮುಂದಿನ ಭಾನುವಾರ ಬಂದು, ಐದು ಗಂಟೆಯವರು ಅಲ್ಲಿಯ ತನಕ ಯಾಕೆ ಸುಮ್ಮನೆ ನಿಂತಿದ್ದರು ಎಂದು ಕೇಳಿದರು. ಉತ್ತರ ಅದೇ ಸಾಮ್ಯದ 7ನೆಯ ವಚನದಲ್ಲಿತ್ತು, ಅವರಿಂದಲೇ ಓದಿಸಿದೆ.

ಅರ್ಥ ಹಚ್ಚುವ ಚಟ ನನ್ನೊಬ್ಬನದೇ ಅಲ್ಲ ಎಂಬುದು ಸ್ವಲ್ಪ ಸಮಾಧಾನ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಛತ್ರಕ್ಕೆ ಸೇರಿಸಿದ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಛತ್ರವೆಂದರೆ ಸಭೆ, ಛತ್ರದವನೆಂದರೆ ಅಪೊಸ್ತಲನಾದ ಪೌಲ ಎಂದು ಸಂತ ಅಗಸ್ಟಿನರೇ ಬರೆದಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಡಾಲ್ಫ್ ಯೂಲಿಷರ್ ಎಂಬ ಜರ್ಮನ್ ವಿದ್ವಾಂಸರು ಇಂಥ ಬಿಡಿಬಿಡಿ ಅರ್ಥಗಳನ್ನು ತಳ್ಳಿಹಾಕಿ ಒಂದು ಸಾಮ್ಯಕ್ಕೆ ಒಂದೇ ತಾತ್ಪರ್ಯ ಎಂದರು. ಅದೂ ನನಗೆ ಸ್ವಲ್ಪ ಬಿಗಿಯೆನಿಸುತ್ತದೆ.

ಲೂಕ 16ರ ಅನ್ಯಾಯಗಾರನಾದ ಪಾರುಪತ್ಯಗಾರನ, ಅಂದರೆ ಧಣಿಯ ಆಸ್ತಿ ನೋಡಿಕೊಳ್ಳುವವನ, ಮುಂದೆ ಮಾತ್ರ ನನ್ನ ಹೊಸ ರೀತಿಯೂ ಸೋತಿದೆ. ಧಣಿಯ ಸಾಲಗಾರರನ್ನು ಕರೆದು ನೂರು ಅಳತೆ ಎಣ್ಣೆಯನ್ನು ಐವತ್ತಕ್ಕೆ, ನೂರು ಅಳತೆ ಗೋದಿಯನ್ನು ಎಂಬತ್ತಕ್ಕೆ ತಿದ್ದಿಸಿದವನನ್ನು ಆ ಧಣಿಯೇ ಜಾಣನೆಂದು ಹೊಗಳುತ್ತಾನೆ ಎಂದು ಓದಿದಾಗ ಇಡೀ ಗುಂಪು ನಕ್ಕಿತು, ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಮೂರು ಸಲ ಪ್ರಯತ್ನಿಸಿದ್ದೇನೆ. ಮೂರು ಸಲವೂ ತಡೆಯಲಾರದೆ ಆ ಪಾರುಪತ್ಯಗಾರನ ಪರವಾಗಿ ವಕಾಲತ್ತು ವಹಿಸಿದ್ದೇನೆ. ಈ ವರ್ಷದ ಪಾಠಗಳ ಪಟ್ಟಿಯಲ್ಲಿ ಅವನನ್ನು ಮತ್ತೆ ಸೇರಿಸಿದ್ದೇನೆ.