ಅಕೌಂಟ್ ಮೈನಸ್‌ಗೆ ಹೋದ್ರೆ ಮೊದಲು ಎಂತ ಮಾಡ್ಬೇಕು, ಸಿಬಿಲ್ ಹೇಗೆ ಉಳಿಸಿಕೊಳ್ಳುದು

ಹೋದ ವರ್ಷ ಒಂದು ಬೆಳಿಗ್ಗೆ ಫೋನ್ ನೋಡಿದ್ರೆ ಬ್ಯಾಂಕಿನ ಆ್ಯಪಲ್ಲಿ ನನ್ನ ಬ್ಯಾಲೆನ್ಸು ಮೈನಸ್ 1,180. ಬೆಂಗಳೂರಿನ ಕೆಲಸ ಬಿಟ್ಟು ಸುರತ್ಕಲ್‌ಗೆ ವಾಪಸ್ ಬಂದಿದ್ದೆ, ಸ್ಕೂಟರಿನ ಇಎಂಐ ಮಾತ್ರ ಹಳೇ ಕಂಪನಿಯ ಸ್ಯಾಲರಿ ಅಕೌಂಟಿಂದಲೇ ಹೋಗ್ತಾ ಇತ್ತು, ಅದರಲ್ಲಿ ದುಡ್ಡು ಖಾಲಿಯಾದದ್ದು ನನಗೆ ಗೊತ್ತೇ ಆಗ್ಲಿಲ್ಲ, ಇಎಂಐ ಎರಡು ಸಲ ಬೌನ್ಸ್ ಆಗಿ ಒಂದೊಂದಕ್ಕೆ 590ರ ಹಾಗೆ ಚಾರ್ಜ್ ಬಿದ್ದಿದೆ. ಗಾಬರಿಯಲ್ಲಿ ನಾನು ಎಂತ ಮಾಡಿದೆ ಅಂದ್ರೆ, ಇಎಂಐ 2,840 ಅಲ್ವಾ ಅಂತ 3,000 ಹಾಕಿದೆ. ಬ್ಯಾಂಕ್ ಮೊದಲು ತನ್ನ 1,180 ಹಿಡಿದುಕೊಂಡಿತು, ಉಳಿದದ್ದು 1,820, ಇಎಂಐ ಮೂರನೇ ಸಲ ಬೌನ್ಸ್, ಪುನಃ ಬ್ಯಾಂಕಿನದ್ದೊಂದು ಚಾರ್ಜು, ಲೋನಿನವರದ್ದೊಂದು ಚಾರ್ಜು, ಮೇಲಿಂದ 18% ಜಿಎಸ್‌ಟಿ. ಬೇರೆಯವರಿಗೆ ಹೀಗಾಗುದು ಬೇಡ ಅಂತ ಇದನ್ನು ಬರಿತಾ ಇದ್ದೇನೆ.

ಹಾಗಾಗಿ ಮೊದಲನೇ ಮಾತು, ಮೈನಸ್ ಕಂಡ ಕೂಡ್ಲೇ ಆ ಅಕೌಂಟಿಗೆ ದುಡ್ಡು ಹಾಕ್ಲಿಕ್ಕೆ ಹೋಗ್ಬೇಡಿ. ಇಎಂಐ ಬಾಕಿ ಇದ್ರೆ ಅದನ್ನು ಬೇರೆ ಅಕೌಂಟಿಂದ ಯುಪಿಐಯಲ್ಲಿ ಅಥವಾ ಲೋನ್ ಕೊಟ್ಟವರ ಬ್ರಾಂಚಿಗೇ ಹೋಗಿ ನೇರ ಕಟ್ಟಿ, ರಸೀದಿ ತಗೊಳ್ಳಿ, "ಈ ತಿಂಗಳದ್ದು ಪುನಃ ಬ್ಯಾಂಕಿಗೆ ಕಳಿಸ್ಬೇಡಿ" ಅಂತ ಅವರಿಗೆ ಮೇಲ್ ಕೂಡ ಹಾಕಿ, ಇಲ್ಲದಿದ್ರೆ ಒಂದೇ ಕಂತು ಎರಡು ಸಲ ಹೋಗುವ ಚಾನ್ಸ್ ಉಂಟು. ಯಾಕೆ ಇಷ್ಟು ಅರ್ಜೆಂಟು ಅಂದ್ರೆ, ಸೇವಿಂಗ್ಸ್ ಅಕೌಂಟಿನ ಬ್ಯಾಲೆನ್ಸು ಸಿಬಿಲ್ ರಿಪೋರ್ಟಲ್ಲಿ, ಅಂದ್ರೆ ನಾವು ಸಾಲ ಹೇಗೆ ಕಟ್ತೇವೆ ಅನ್ನುವ ದಾಖಲೆಯಲ್ಲಿ, ಬರುದೇ ಇಲ್ಲ, ಅಲ್ಲಿ ಬರುದು ಸಾಲಗಳು ಮಾತ್ರ. ಆ ಮೈನಸ್ಸಿಂದಾಗಿ ಬೌನ್ಸ್ ಆದ ಇಎಂಐ, ಕ್ರೆಡಿಟ್ ಕಾರ್ಡಿನ ಬಿಲ್ಲು, ಇವು ಎಷ್ಟು ದಿನ ತಡ ಆಯ್ತು ಅಂತ ಅಲ್ಲಿ ಕೂತ್ಕೊಳ್ತವೆ. ಅಂಗಡಿ ಇಟ್ಟವರ ಓಡಿ (ಓವರ್‌ಡ್ರಾಫ್ಟ್) ಅಕೌಂಟಾದ್ರೆ ಕಥೆ ಬೇರೆ, ಅದು ಸಾಲವೇ ಆದ ಕಾರಣ ನೇರ ರಿಪೋರ್ಟಿಗೆ ಹೋಗ್ತದೆ.

ಮೊದಲೆಲ್ಲ ತಿಂಗಳ ಕೊನೆಗೆ ಮುಂಚೆ ಕಟ್ಟಿದ್ರೆ ಸಾಕು, ಗೊತ್ತಾಗುದಿಲ್ಲ ಅಂತ ಹೇಳ್ತಿದ್ರು. 2025 ಜನವರಿ 1ರಿಂದ ಸಾಲ ಕೊಟ್ಟವರು ಸಿಬಿಲ್‌ನಂಥವರಿಗೆ 15 ದಿನಕ್ಕೊಮ್ಮೆಯಾದ್ರೂ ಮಾಹಿತಿ ಕೊಡ್ಬೇಕು ಅಂತ ಆರ್‌ಬಿಐ ಮಾಡಿದೆ, ಹಾಗಾಗಿ ಆ ಲೆಕ್ಕ ಈಗ ನಡಿಯುದಿಲ್ಲ. ಕ್ರೆಡಿಟ್ ಕಾರ್ಡಿಗೆ ಸ್ವಲ್ಪ ಉಸಿರು ಉಂಟು, ಡ್ಯೂ ಡೇಟ್ ಆಗಿ 3 ದಿನ ದಾಟಿದ ಮೇಲೆ ಮಾತ್ರ ಅದನ್ನು ಬಾಕಿ ಅಂತ ತೋರಿಸ್ಬಹುದು. ಇನ್ನೊಂದು, ಭಾನುವಾರ ಬ್ಯಾಂಕ್ ರಜೆ, ಸೋಮವಾರ ಹಾಕಿದ್ರಾಯ್ತು ಅಂತ ಕೂರ್ಬೇಡಿ, 2021 ಆಗಸ್ಟ್‌ನಿಂದ ಇಎಂಐ ಎಳೆಯುವ ನ್ಯಾಚ್ ವ್ಯವಸ್ಥೆ ವಾರದ ಏಳೂ ದಿನ ನಡಿತದೆ.

ಇಎಂಐ ಬಾಕಿ ಕಟ್ಟಿ ಮುಗಿಸಿದ ಮೇಲೆ ಆ್ಯಪಲ್ಲಿ ಆರು ತಿಂಗಳ ಸ್ಟೇಟ್‌ಮೆಂಟ್ ತೆಗೀರಿ, ಅಥವಾ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಒಂದೊಂದೇ ಸಾಲು ಓದಿ. ನ್ಯಾಚ್ ರಿಟರ್ನ್ ಅಂತ ಇದ್ರೆ ಅದು ಬೌನ್ಸ್ ಚಾರ್ಜು. ಎಟಿಎಂ ಕಾರ್ಡಿನ ವರ್ಷದ ಚಾರ್ಜು, ಎಸ್ಸೆಮ್ಮೆಸ್ ಚಾರ್ಜು ಎಲ್ಲ ಸಣ್ಣದ್ದು, ಆದ್ರೆ ಖಾಲಿ ಅಕೌಂಟಲ್ಲಿ ಅದುವೇ ಸಾಕು. ಮೇ ಕೊನೆಗೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ 436 ರೂಪಾಯಿ ಹೋಗ್ತದೆ, ಜೂನ್ 5ರ ಕಂತಿಗೆ ಅಂತ ಲೆಕ್ಕ ಮಾಡಿ ಇಟ್ಟ ದುಡ್ಡಲ್ಲಿ ಅಷ್ಟು ಕಡಿಮೆ ಬೀಳ್ತದೆ, ನಮ್ಮ ಮನೆಯಲ್ಲಿ ಅಮ್ಮನ ಅಕೌಂಟಲ್ಲಿ ಇದೇ ಆಗಿತ್ತು. ಯುಪಿಐ ಆ್ಯಪಲ್ಲಿ ಆಟೋಪೇ ಅಂತ ಉಂಟಲ್ಲ, ಅದನ್ನು ಕೂಡ ತೆರೆದು ನೋಡಿ, ಯಾವುದೋ ಕಾಲಕ್ಕೆ ಒಪ್ಪಿಗೆ ಕೊಟ್ಟದ್ದು ಈಗಲೂ ನಡಿತಾ ಇರ್ತದೆ. ನೀವು ಮಾಡದ ವಹಿವಾಟು ಕಂಡ್ರೆ ಮಾತ್ರ ಬೇರೆ ಎಲ್ಲ ಕೆಲಸ ಬಿಟ್ಟು ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ 3 ಕೆಲಸದ ದಿನದೊಳಗೆ ತಿಳಿಸಿ, ಅದು ದಾಟಿದ್ರೆ ನಿಮ್ಮ ತಲೆ ಮೇಲೆ ಹೊರೆ ಜಾಸ್ತಿ ಆಗ್ತದೆ.

ಈಗ ಮಿನಿಮಮ್ ಬ್ಯಾಲೆನ್ಸ್ ವಿಷಯ, ಇದನ್ನು ಗಟ್ಟಿಯಾಗಿ ತಿಳ್ಕೊಳ್ಳಿ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅನ್ನುವ ದಂಡ ಒಂದರಿಂದಲೇ ಸೇವಿಂಗ್ಸ್ ಅಕೌಂಟ್ ಮೈನಸ್‌ಗೆ ಹೋಗಬಾರದು ಅಂತ ಆರ್‌ಬಿಐ 2014 ನವೆಂಬರ್‌ನಲ್ಲೇ ಹೇಳಿದೆ, 2015 ಏಪ್ರಿಲ್ 1ರಿಂದ ಜಾರಿ ಉಂಟು. ದಂಡ ಹಾಕುವ ಮುಂಚೆ ಮೆಸೇಜೋ ಪತ್ರವೋ ಕಳಿಸಿ ಕಡಿಮೆಯಂದ್ರೆ ಒಂದು ತಿಂಗಳು ಟೈಮ್ ಕೊಡ್ಬೇಕು. ಎರಡು ವರ್ಷ ನಾವು ಏನೂ ವಹಿವಾಟು ಮಾಡದೆ ಇನ್‌ಆಪರೇಟಿವ್ ಆದ ಅಕೌಂಟಿಗೆ 2024 ಏಪ್ರಿಲ್‌ನಿಂದ ಈ ದಂಡ ಹಾಕುವ ಹಾಗೇ ಇಲ್ಲ. ಕೌಂಟರಲ್ಲಿ "ಸಿಸ್ಟಮ್ಮೇ ಕಟ್ ಮಾಡಿದ್ದು, ನಮ್ಮ ಕೈಯಲ್ಲಿಲ್ಲ" ಅಂದ್ರೆ ಜಗಳ ಮಾಡಿ ಪ್ರಯೋಜನ ಇಲ್ಲ ಮಾರಾಯ್ರೆ, ಅವರೂ ಪಾಪ ಲೈನಲ್ಲಿ ನಿಂತ ಜನ ನೋಡಿಕೊಂಡು ಕೂತಿರ್ತಾರೆ. ಒಂದು ಬಿಳಿ ಕಾಗದದಲ್ಲಿ ಮ್ಯಾನೇಜರ್ ಹೆಸರಿಗೆ, ಇಂಥ ದಿನ ಇಂಥ ಚಾರ್ಜ್ ಹಾಕಿದ್ದೀರಿ, ಆರ್‌ಬಿಐ ನಿಯಮದ ಪ್ರಕಾರ ವಾಪಸ್ ಹಾಕಿ ಅಂತ ಕನ್ನಡದಲ್ಲೇ ಬರೀರಿ, ಎರಡನೇ ಕಾಪಿಗೆ ಸೀಲು ತಾರೀಕು ಹಾಕಿಸಿಕೊಳ್ಳಿ. ಈ ಸೀಲು ಬಹಳ ಮುಖ್ಯ. ಯಾಕಂದ್ರೆ 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಅನ್ನುವ ಆರ್‌ಬಿಐ ವೆಬ್‌ಸೈಟಲ್ಲಿ ದೂರು ಕೊಡ್ಬಹುದು, ಫೀಸಿಲ್ಲ, ವಕೀಲರು ಬೇಡ, ಸಂಶಯ ಇದ್ರೆ 14448ಕ್ಕೆ ಫೋನ್ ಮಾಡಿ ಕೇಳ್ಬಹುದು. ಬೌನ್ಸ್ ಚಾರ್ಜ್ ಆದ್ರೆ ಬ್ಯಾಂಕಿಗೆ ಹಾಕುವ ಹಕ್ಕು ಉಂಟು, ಆದ್ರೂ ಒಮ್ಮೆ ಕೇಳಿ ನೋಡಿ, ನನಗೆ ಮೂರರಲ್ಲಿ ಒಂದನ್ನು ವಾಪಸ್ ಕೊಟ್ರು.

ಈ ತೊಂದರೆ ನಮ್ಮ ಕಡೆ ಜಾಸ್ತಿ ಅಂತ ನನಗೆ ಅನ್ನಿಸ್ತದೆ. ಕೆನರಾ, ಕರ್ಣಾಟಕ, ವಿಜಯಾ ಮಂಗಳೂರಲ್ಲಿ ಹುಟ್ಟಿದ್ದು, ಕಾರ್ಪೊರೇಶನ್, ಸಿಂಡಿಕೇಟ್ ಉಡುಪಿಯಲ್ಲಿ, ಹಾಗಾಗಿ ಒಂದೊಂದು ಮನೆಯ ಕಪಾಟಲ್ಲೂ ನಾಲ್ಕೈದು ಪಾಸ್‌ಬುಕ್. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿತು, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್‌ಗೆ, ಐಎಫ್‌ಎಸ್‌ಸಿ ಎಲ್ಲ ಬದಲಾಯ್ತು, ಯಾವ ಅಕೌಂಟಿಂದ ಎಂತ ಹೋಗ್ತದೆ ಅಂತ ಮನೆಯವರಿಗೇ ನೆನಪಿಲ್ಲ, ಮಗ ಗಲ್ಫಲ್ಲಿ, ಮೆಸೇಜ್ ಹೋಗುದು ಹಳೇ ನಂಬರಿಗೆ. ಬೇಡದ ಅಕೌಂಟ್ ಕ್ಲೋಸ್ ಮಾಡಿ, ಆದ್ರೆ ಮೊದಲು ಇಎಂಐ, ವಿಮೆ, ಎಸ್‌ಐಪಿ (ಮ್ಯೂಚುವಲ್ ಫಂಡಿನ ಕಂತು) ಎಲ್ಲದರ ಮ್ಯಾಂಡೇಟ್, ಅಂದ್ರೆ ದುಡ್ಡು ಎಳೆಯಲಿಕ್ಕೆ ಕೊಟ್ಟ ಒಪ್ಪಿಗೆ, ಬೇರೆ ಅಕೌಂಟಿಗೆ ಬದಲಾಯಿಸಿ, ಒಂದು ಕಂತು ಅಲ್ಲಿಂದ ಸರಿಯಾಗಿ ಹೋದದ್ದು ನೋಡಿಯೇ ಕ್ಲೋಸ್ ಮಾಡಿ, ಲೆಟರ್ ತಗೊಳ್ಳಿ. ಮಿನಿಮಮ್ ಬ್ಯಾಲೆನ್ಸ್ ಇಡ್ಲಿಕ್ಕೆ ಕಷ್ಟ ಇದ್ದವರು ಬಿಎಸ್‌ಬಿಡಿ, ಅಂದ್ರೆ ಬೇಸಿಕ್ ಸೇವಿಂಗ್ಸ್ ಅಕೌಂಟ್ ಕೇಳಿ, ಅದರಲ್ಲಿ ಸೊನ್ನೆ ಇದ್ರೂ ದಂಡ ಇಲ್ಲ.

ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ತೆಗೀರಿ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಕೂಡ ಉಂಟು, ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಕೊಡ್ಬೇಕು. 300ರಿಂದ 900ರ ಸ್ಕೋರ್ ನೋಡಿ ಮುಚ್ಚಿಡ್ಬೇಡಿ, ಒಳಗೆ ತಿಂಗಳು ತಿಂಗಳಿನ ಚೌಕ ಉಂಟು, ಸರಿಯಾಗಿ ಕಟ್ಟಿದ ತಿಂಗಳಿಗೆ 000, ತಡ ಆದ್ರೆ ಎಷ್ಟು ದಿನ ಅಂತ ಸಂಖ್ಯೆ. ಕಟ್ಟಿದ್ದನ್ನು ಕಟ್ಟಿಲ್ಲ ಅಂತ ತೋರಿಸಿದ್ರೆ ಆ ರಿಪೋರ್ಟ್ ತೆಗೆದ ವೆಬ್‌ಸೈಟಲ್ಲೇ ಡಿಸ್ಪ್ಯೂಟ್ (ತಕರಾರು) ಹಾಕಿ, ರಸೀದಿ ಇದ್ರೆ ಇಲ್ಲಿ ಕೆಲಸಕ್ಕೆ ಬರ್ತದೆ, 30 ದಿನದಲ್ಲಿ ಸರಿ ಮಾಡದಿದ್ರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ 2024 ಏಪ್ರಿಲ್‌ನಿಂದ ನಿಯಮ ಉಂಟು. ಬಾಕಿ ಉಳಿದವರಿಗೆ ಫೋನ್ ಬರ್ತದೆ, ಅರ್ಧ ಕಟ್ಟಿ ಸೆಟಲ್ ಮಾಡಿ ಅಂತ, ಸಾಧ್ಯ ಇದ್ರೆ ಒಪ್ಪಬೇಡಿ, ರಿಪೋರ್ಟಲ್ಲಿ ಸೆಟಲ್ಡ್ ಅಂತ ಬಿದ್ರೆ ಮುಂದೆ ಮನೆ ಲೋನಿಗೆ ಹೋದಾಗ ಅದನ್ನೇ ಕೇಳ್ತಾರೆ. ದುಡ್ಡು ತಗೊಂಡು ಸಿಬಿಲ್ ಕ್ಲೀನ್ ಮಾಡ್ತೇವೆ ಅನ್ನುವವರ ಹತ್ರ ಹೋಗ್ಲೇಬೇಡಿ, ತಪ್ಪಾಗಿ ಬಿದ್ದದ್ದನ್ನು ನೀವೇ ಫ್ರೀಯಾಗಿ ತೆಗೆಸ್ಬಹುದು, ಸರಿಯಾಗಿ ಬಿದ್ದದ್ದನ್ನು ಅವರಿಂದ ತೆಗೆಸ್ಲಿಕ್ಕೆ ಆಗುದಿಲ್ಲ. ನನ್ನ ರಿಪೋರ್ಟಲ್ಲಿ ಆ ತಿಂಗಳ ಚೌಕದಲ್ಲಿ 12 ಅಂತ ಉಂಟು, ಅಷ್ಟು ದಿನ ತಡ ಆದದ್ದು ಹೌದು, ಹಾಗಾಗಿ ಡಿಸ್ಪ್ಯೂಟ್ ಹಾಕ್ಲಿಲ್ಲ, ಅಲ್ಲಿಂದ ಈಚೆಗಿನ ತಿಂಗಳೆಲ್ಲ 000.