ಮಣ್ಣೆತ್ತು ಸೀಳದಂತೆ ಮಕ್ಕಳಿಂದ ಮಾಡಿಸುವ ಬಗೆ

ಕಾರ ಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಪೇಟೆಯಲ್ಲಿ ಬಣ್ಣ ಬಳಿದ ಜೋಡಿ ಎತ್ತು ಸಿಗುತ್ತವೆ, ತಂದಿಟ್ಟರೆ ಪೂಜೆಯೇನೋ ಆಗುತ್ತದೆ. ಆದರೆ ಮಕ್ಕಳಿಗೆ ಹಬ್ಬ ಇರುವುದು ಕೈ ರಾಡಿ ಮಾಡಿಕೊಳ್ಳುವುದರಲ್ಲಿ. ಮನೆಯಲ್ಲೇ ಮಾಡಿಸುವವರದು ಬಹುತೇಕ ಒಂದೇ ದೂರು: ರಾತ್ರಿ ಚೆಂದಾಗಿ ನಿಂತಿದ್ದ ಎತ್ತು ಮುಂಜಾನೆ ಕಾಲು ಕಳಚಿ, ಬೆನ್ನು ಸೀಳಿ ಬಿದ್ದಿರುತ್ತದೆ. ಇದರಲ್ಲಿ ಮಗುವಿನ ಕೈಯ ತಪ್ಪು ಕಡಿಮೆ, ಮಣ್ಣು ಹದ ಮಾಡಿದವರದೇ ಹೆಚ್ಚು.

ಎರೆಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದು ಇದಕ್ಕೇ. ಎತ್ತಿನ ಮೈಯಲ್ಲೂ ಅದೇ ಆಗುತ್ತದೆ: ಹೊರಗಿನ ಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಹಸಿಯಾಗಿ ಉಬ್ಬಿರುತ್ತದೆ, ನಡುವೆ ಮೈ ಸೀಳುತ್ತದೆ. ಡೋಣಿ ಹೊಳೆ ದಂಡೆಯ ಮಣ್ಣಾಗಲಿ ಬೈಲಹೊಂಗಲ, ಸವದತ್ತಿ ಕಡೆಯದಾಗಲಿ, ಬರೀ ಎರೆಯಿಂದ ಎತ್ತು ಮಾಡಬಾರದು. ಬೆಳಗಾವಿ, ಖಾನಾಪುರದ ಕೆಂಪು ಮಣ್ಣು ಇಷ್ಟು ಕುಗ್ಗುವುದಿಲ್ಲ. ಆದರೆ ಅದಕ್ಕೆ ಹಿಡಿತ ಕಡಿಮೆ, ಕೋಡು ತಿದ್ದುವಾಗ ಪುಡಿಯಾಗುತ್ತದೆ. ಎರಡೂ ಸಿಗುವ ಊರಿನವರು ಅರ್ಧಕ್ಕರ್ಧ ಕೂಡಿಸಿದರೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ.

ಹೊಲದ ಮೇಲ್ಮಣ್ಣು ಬೇಡ, ಅದರಲ್ಲಿ ಹುಲ್ಲಿನ ಬೇರು ತುಂಬಿರುತ್ತದೆ. ಒಂದು ಗೇಣು ಕೆಳಗಿನದನ್ನು ತೆಗೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಕುಟ್ಟಿ, ಹಳೆಯ ಸಾಣಿಗೆಯಲ್ಲಿ ಹಿಡಿಯಿರಿ. ಬಿಳಿ ಸುಣ್ಣದ ಹರಳು ಒಂದೂ ಉಳಿಯಬಾರದು. ಹರಳು ಕುಗ್ಗುವುದಿಲ್ಲ, ಸುತ್ತಲಿನ ಮಣ್ಣು ಕುಗ್ಗುತ್ತದೆ, ಅಲ್ಲಿಂದಲೇ ಸೀಳು ಶುರುವಾಗುತ್ತದೆ. ಸೋಸಿದ ಎರೆಮಣ್ಣು ನಾಲ್ಕು ಬಟ್ಟಲಿಗೆ ಸಣ್ಣ ಉಸುಕು ಒಂದು ಬಟ್ಟಲು, ಎಳೆಎಳೆಯಾಗಿ ಹಿಂಜಿದ ಹತ್ತಿ ಅರ್ಧ ಹಿಡಿ. ಉಸುಕು ಕುಗ್ಗುವುದನ್ನು ತಗ್ಗಿಸುತ್ತದೆ, ಹತ್ತಿಯ ಎಳೆ ಮಣ್ಣನ್ನು ಹಿಡಿದಿಡುತ್ತದೆ. ಹತ್ತಿಯನ್ನು ಉಂಡೆಯಾಗಿ ಹಾಕಿದರೆ ಅಲ್ಲಿ ಪೊಳ್ಳಾಗುತ್ತದೆ, ಅದಕ್ಕೆ ಹಿಂಜುವ ಕೆಲಸವನ್ನು ಮಕ್ಕಳಿಗೇ ಕೊಡಿರಿ. ಅರ್ಧ ತಾಸು ಮನೆಯೂ ಶಾಂತವಾಗಿರುತ್ತದೆ.

ನೆನೆ ಹಾಕುವಾಗ ಬೋಗುಣಿಯಲ್ಲಿ ಮೊದಲು ಒಂದೂವರೆ ಬಟ್ಟಲು ನೀರು, ಅದರ ಮೇಲೆ ಒಣ ಮಣ್ಣು ಉದುರಿಸಿರಿ, ಕಲಕಬೇಡಿರಿ. ಪೂರ್ತಿ ಒಣಗಿದ ಮಣ್ಣು ತಾನೇ ನೀರೆಳೆದುಕೊಂಡು ಕರಗುತ್ತದೆ. ಅರೆಹಸಿ ಹೆಂಟೆಯಾದರೆ ಎಷ್ಟು ಹೊತ್ತಾದರೂ ಗಂಟು ಗಂಟಾಗಿಯೇ ಉಳಿಯುತ್ತದೆ. ರಾತ್ರಿಯಿಡೀ ಬಿಟ್ಟು ಮುಂಜಾನೆ ಉಸುಕು, ಹತ್ತಿ ಸೇರಿಸಿ ಚೆನ್ನಾಗಿ ನಾದಿರಿ; ಜೋಳದ ರೊಟ್ಟಿಯ ಹಿಟ್ಟಿಗಿಂತ ಒಂದು ಪಾಲು ಗಟ್ಟಿಯಿರಲಿ. ಪರೀಕ್ಷೆಗೆ ಬೆರಳಗಾತ್ರದ ಬತ್ತಿ ಹೊಸೆದು ಹೆಬ್ಬೆರಳಿಗೆ ಸುತ್ತಿರಿ. ಸುತ್ತುವಾಗ ಸೀಳಿದರೆ ನೀರು ಚಿಮುಕಿಸಬೇಕು. ಬೆರಳಿಗೆ ಅಂಟಿದರೆ ಬಟ್ಟೆಯ ಮೇಲೆ ಹರಡಿ ಒಂದು ತಾಸು ಬಿಡಬೇಕು. ಅಂಟುತ್ತದೆಂದು ಒಣ ಎರೆಮಣ್ಣನ್ನೇ ಮೇಲೆ ಉದುರಿಸುವವರಿದ್ದಾರೆ, ಅದು ಸರಿಯಾಗಿ ಬೆರೆಯುವುದಿಲ್ಲ.

ಒಂದು ಎತ್ತಿಗೆ ಮಗುವಿನ ಎರಡು ಮುಷ್ಟಿಯಷ್ಟು ಮಣ್ಣು ಸಾಕು. ನಾಲ್ಕು ಕಾಲು ಬೇರೆ ಮಾಡಿ ಅಂಟಿಸಲು ಹೇಳಬೇಡಿರಿ. ಉದ್ದುಂಡೆ ಮಾಡಿಸಿ, ಕೆಳಗಿನಿಂದ ಚಿವುಟಿ ಎಳೆದು ಕಾಲು ತೆಗೆಸಿರಿ; ಕುತ್ತಿಗೆ, ಮುಖ, ಹಿಣಿಲು (ಬೆನ್ನ ಮೇಲಿನ ಡುಬ್ಬ) ಕೂಡ ಹಾಗೆಯೇ, ಒಂದೇ ಉಂಡೆಯಿಂದ. ಕಾಲು ಹೆಬ್ಬೆರಳ ದಪ್ಪ, ಎರಡು ಬೆರಳ ಅಗಲಕ್ಕಿಂತ ಉದ್ದ ಬೇಡ. ನಿಜವಾದ ಎತ್ತಿನ ಕಾಲು ಸಣ್ಣಗೆ ಉದ್ದ ಎಂದು ಮಕ್ಕಳು ಹಟ ಹಿಡಿಯುತ್ತಾರೆ, ಹಾಗೆ ಮಾಡಿದರೆ ಹೊಟ್ಟೆಯ ಭಾರಕ್ಕೆ ಕುಸಿಯುತ್ತದೆ. ಗಟ್ಟಿ ನಿಲ್ಲಲೆಂದು ಒಳಗೆ ಕಡ್ಡಿ ಚುಚ್ಚುವುದೂ ಬೇಡ: ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗದು. ಕಿಲಾರಿ ಎತ್ತಿನ ಕೋಡು ಹಿಂದಕ್ಕೆ ಬಾಗಿ ಮೇಲೇಳುತ್ತದಲ್ಲ, ಅದನ್ನು ಮಣ್ಣಿನಲ್ಲಿ ತರುವುದು ಸಣ್ಣವರಿಗೆ ಕಷ್ಟ. ಹಸಿ ತಲೆಯಲ್ಲಿ ಎರಡು ತೂತು ಸ್ವಲ್ಪ ದೊಡ್ಡದಾಗಿ ಬಿಟ್ಟು, ಒಣಗಿದ ಮೇಲೆ ಕಸಬರಿಗೆಯ ಕಡ್ಡಿ ಬಾಗಿಸಿ ಅಂಟು ಹಾಕಿ ನಿಲ್ಲಿಸಿದರೆ ಕೋಡು ಮುರಿಯುವುದೇ ಇಲ್ಲ. ಬಾಲ, ಕಿವಿಯಂಥ ಅಂಟಿಸುವ ಭಾಗಗಳಿಗೆ ಎರಡೂ ಕಡೆ ಮುಳ್ಳಿನಿಂದ ಗೀರಿ, ಅದೇ ಮಣ್ಣಿನ ರಾಡಿ ಸವರಿ ಒತ್ತಿಸಿರಿ. ನಾಲ್ಕೈದು ವರ್ಷದ ಮಕ್ಕಳಿಗೆ ಎತ್ತು ಬೇಡ, ಗ್ವಾದಲಿ (ಎತ್ತು ಮೇವು ತಿನ್ನುವ ತೊಟ್ಟಿ) ಮಾಡಲಿ. ಉಂಡೆಯ ನಡುವೆ ಹೆಬ್ಬೆರಳು ಒತ್ತಿದರೆ ಅದು ಆಯಿತು.

ಒಣಗಿಸುವುದರಲ್ಲೇ ಹೆಚ್ಚಿನವರು ಕೆಡಿಸುವುದು. ಎತ್ತನ್ನು ಮಣೆಯ ಮೇಲೆ ನೇರ ನಿಲ್ಲಿಸಿದರೆ ಪಾದ ಅಂಟಿಕೊಳ್ಳುತ್ತದೆ. ಮೈ ಕುಗ್ಗಿದಾಗ ಕಾಲು ಹತ್ತಿರ ಬರಲಾಗದೆ ಬುಡದಲ್ಲಿ ಮುರಿಯುತ್ತದೆ. ಕೆಳಗೆ ಬೂದಿ ಉದುರಿಸಿರಿ. ಮೊದಲ ದಿನ ಹಿಂಡಿದ ತೆಳು ಬಟ್ಟೆ ಮೇಲೆ ಹೊದಿಸಿ, ಮರುದಿನದಿಂದ ನೆರಳಿನಲ್ಲಿ ಬಿಡಿರಿ. ಬಿಸಿಲು, ಪತ್ರಾಸಿನ ತಗಡು, ಫ್ಯಾನಿನ ಗಾಳಿ ಮೂರೂ ಬೇಡ. ಮಳೆಗಾಲದ ಗಾಳಿಗೆ ಪೂರ್ತಿ ಒಣಗಲು ಮೂರು ದಿನವಾದರೂ ಬೇಕು, ಅಮಾವಾಸ್ಯೆಯ ಮುನ್ನಾದಿನ ಕೂತರೆ ಆಗದು. ಸಣ್ಣ ಸೀಳು ಬಂದರೆ ಅದರ ಅಂಚು ತೇವ ಮಾಡಿ, ಗಟ್ಟಿ ಮಣ್ಣಿಗೆ ಹೆಚ್ಚು ಹತ್ತಿ ಕಲಸಿ ತುರುಕಿರಿ. ನೀರು ನೀರಾದ ರಾಡಿ ತುಂಬಿದರೆ ಅದೂ ಕುಗ್ಗಿ ಮತ್ತೆ ಬಾಯಿ ಬಿಡುತ್ತದೆ.

ಸುಡದ ಮಣ್ಣಾದ್ದರಿಂದ ನೀರಾದ ಬಣ್ಣಕ್ಕೆ ಮೈ ಕರಗುತ್ತದೆ. ಕೆಮ್ಮಣ್ಣಾಗಲಿ ಅರಿಸಿನವಾಗಲಿ ಸ್ವಲ್ಪ ಗೋಂದು ಸೇರಿಸಿ ಗಟ್ಟಿಯಾಗಿ ಕಲಸಿ, ಒಂದೇ ಕೈ ಬಳಿಯಿರಿ. ಬಿಳುಪಿಗೆ ಸುಣ್ಣ ಕೊಡಬೇಡಿರಿ, ಕಣ್ಣಿಗೆ ಸಿಡಿದರೆ ಕೆಟ್ಟದ್ದು; ಸೀಮೆಸುಣ್ಣದ ಪುಡಿ ಸಾಕು.

ದೊಡ್ಡ ಮಕ್ಕಳು ಬಂಡಿ ಕೇಳುತ್ತಾರೆ. ಬಣವಿಯಿಂದ ಹೆಬ್ಬೆರಳ ದಪ್ಪದ ಬಿಳಿಜೋಳದ ದಂಟು ನಾಲ್ಕಾರು ಎಳೆದುಕೊಳ್ಳಿರಿ, ಕಪ್ಪು ಬೂಸರು ಹಿಡಿದದ್ದು ಬೇಡ. ತೀರಾ ಒಣಗಿದ್ದರೆ ಒದ್ದೆ ಬಟ್ಟೆಯಲ್ಲಿ ಒಂದು ತಾಸು ಸುತ್ತಿಡಿರಿ. ಗೆಣ್ಣು ಬಿಟ್ಟು ಕತ್ತರಿಸಿ ಸಿಪ್ಪೆ ಸುಲಿಯುವುದು ದೊಡ್ಡವರ ಕೆಲಸ, ಅದರ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಒಳಗಿನ ಬೆಂಡು ಎರಡು ಉದ್ದ ತುಂಡು, ಅವುಗಳ ನಡುವೆ ಸಿಪ್ಪೆಯ ಕಡ್ಡಿ ಚುಚ್ಚಿದರೆ ಬಂಡಿಯ ಹಾಸು. ಸಿಪ್ಪೆ ಸಹಿತ ಅರ್ಧ ಬೆರಳ ಅಗಲ ಕೊಯ್ದ ಬಿಲ್ಲೆ ಗಾಲಿ. ತೂತಿಗೆ ಜಾಲಿಮುಳ್ಳು, ಗಾಲಿಯ ತೂತು ಅಚ್ಚಿಗಿಂತ ಸಡಿಲವಿರಲಿ, ಇಲ್ಲವಾದರೆ ತಿರುಗದೆ ತೆವಳುತ್ತದೆ.

ಉಳಿದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡಿರಿ, ಮುಂದಿನ ಮಂಗಳವಾರ ಮಣ್ಣಿನಿಂದ ಮಾಡಿ ಪೂಜಿಸುವ ದೇವಿ ಗುಳ್ಳವ್ವನಿಗೆ ಬರುತ್ತದೆ. ಗುಳ್ಳವ್ವನ ಮೈಗೆ ಕುಸುಬಿ, ಜೋಳದ ಕಾಳು ಒತ್ತುವುದು ಮಣ್ಣು ಸ್ವಲ್ಪ ಬಿಗಿದ ಮೇಲೆ. ತೀರಾ ಹಸಿಯಲ್ಲಿ ಒತ್ತಿದ ಕಾಳು ನೀರು ಹೀರಿ ಉಬ್ಬಿ ಉದುರುತ್ತದೆ. ಕಣ್ಣಿಗೆ ಗುಲಗಂಜಿ ಚೆಂದ ಕಾಣುತ್ತದೆ, ಆದರೆ ಅದರ ಒಳಗಿನದು ಕಡು ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಬಾಯಿಗೆ ಹಾಕುವ ಕೂಸು ಮನೆಯಲ್ಲಿದ್ದರೆ ಗುಲಗಂಜಿ ಬದಲು ಹುರುಳಿ ಕಾಳು ಒತ್ತಿಸಿರಿ.