ಹಳೆಯ ತೊಟ್ಟಿಯಲ್ಲಿ ಹೊಸ ಕಡಲು

ಯಾರೋ ಬಳಸಿದ ಉಪ್ಪುನೀರಿನ ಅಕ್ವೇರಿಯಂ ಕೊಳ್ಳಲು ಹೋದಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ತೊಟ್ಟಿಗೆ ಎಂದಾದರೂ ತಾಮ್ರದ ಔಷಧ ಹಾಕಿದ್ದಿರಾ? ಮೀನಿನ ಬಿಳಿಚುಕ್ಕೆ ರೋಗಕ್ಕೆ ಅದು ಒಳ್ಳೆಯ ಮದ್ದು. ಆದರೆ ಕಲ್ಲು, ಮರಳುಗಳಲ್ಲಿ ಅವಿತು ಕುಳಿತ ತಾಮ್ರ ತಿಂಗಳುಗಳ ನಂತರವೂ ನೀರಿಗೆ ಬಿಡುಗಡೆಯಾಗಿ ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಉತ್ತರ ಸ್ಪಷ್ಟವಿಲ್ಲದಿದ್ದರೆ ಗಾಜು, ಸ್ಟ್ಯಾಂಡ್, ಪಂಪುಗಳನ್ನು ಮಾತ್ರ ತನ್ನಿ. ಹಳೆಯ ಮರಳನ್ನಂತೂ ಉಚಿತವಾಗಿ ಕೊಟ್ಟರೂ ತರಬೇಡಿ. ಅದರ ತಳದಲ್ಲಿ ವರ್ಷಗಟ್ಟಲೆ ಕೊಳೆತ ಕಸವಿರುತ್ತದೆ.

ಕಲ್ಲುಗಳು ಜೊತೆಗೆ ಬಂದರೆ ಎರಡು ಎಚ್ಚರಿಕೆ. ಅವು ಹವಳದ ಅಸ್ಥಿಪಂಜರಗಳಾಗಿದ್ದರೆ ಮುಟ್ಟಬೇಡಿ. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕಡಲಕುದುರೆಗೂ ಅದೇ ಕಾಯ್ದೆ ಅನ್ವಯಿಸುತ್ತದೆ. ಇನ್ನೊಂದು, ಸ್ವಚ್ಛ ಮಾಡುವ ನೆಪದಲ್ಲಿ ಕಲ್ಲನ್ನು ಎಂದಿಗೂ ಕುದಿಸಬೇಡಿ. ಅದಕ್ಕಂಟಿದ ಝೋವಾಂಥಿಡ್ ಎಂಬ ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿರಬಹುದು. ಹಬೆಯೊಂದಿಗೆ ಅದು ಹರಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ವಿದೇಶಗಳಲ್ಲಿ ನಡೆದಿವೆ. ಸೆರಾಮಿಕ್‌ನ ಕೃತಕ ಕಲ್ಲು ಕೊಂಡರೆ ಈ ಎರಡೂ ತಲೆನೋವಿಲ್ಲ.

ತೊಳೆಯುವುದು, ಸೋರಿಕೆ ನೋಡುವುದು

ಗಾಜಿಗೆ ಅಂಟಿದ ಬಿಳಿ ಹರಳು ಹೆಚ್ಚಾಗಿ ಕ್ಯಾಲ್ಸಿಯಂ. ಬಿಳಿ ವಿನೆಗರ್‌ನಲ್ಲಿ ಬಟ್ಟೆ ನೆನೆಸಿ ಅರ್ಧ ಗಂಟೆ ಹಚ್ಚಿಟ್ಟರೆ ಕರಗುತ್ತದೆ. ಪಂಪು, ಸ್ಕಿಮ್ಮರ್‌ (ನೊರೆಯ ಮೂಲಕ ನೀರಿನ ಕಲ್ಮಶ ತೆಗೆಯುವ ಸಾಧನ) ಗಳನ್ನೂ ನೀರು ಬೆರೆಸಿದ ವಿನೆಗರ್‌ನಲ್ಲಿ ಓಡಿಸಿ ತೊಳೆಯಿರಿ. ಸೋಪು ಬೇಡ. ವಿನೆಗರ್ ಜೊತೆ ಬ್ಲೀಚ್ ಸೇರಿಸಲೇಬಾರದು, ಕ್ಲೋರಿನ್ ಅನಿಲ ಹುಟ್ಟುತ್ತದೆ. ತೊಳೆದ ಮೇಲೆ ಪೂರ್ತಿ ಒಣಗಲು ಬಿಡಿ. ಒಣಗಿದ ತೊಟ್ಟಿಯಲ್ಲಿ ಬಿಳಿಚುಕ್ಕೆ ರೋಗದ ಪರಾವಲಂಬಿ ಬದುಕುವುದಿಲ್ಲ. ಹಳೆಯ ಹೀಟರ್ ಮಾತ್ರ ಎಸೆದುಬಿಡಿ. ಅದು ಕೆಟ್ಟು ನಿರಂತರ ಉರಿಯುತ್ತಿದ್ದರೆ ಒಂದೇ ರಾತ್ರಿಯಲ್ಲಿ ಮೀನುಗಳೆಲ್ಲ ಬೆಂದುಹೋಗುತ್ತವೆ.

ನಂತರ ಸಮತಟ್ಟಾದ ಜಾಗದಲ್ಲಿ, ಅಡಿಯಲ್ಲಿ ಒಣ ಪತ್ರಿಕೆ ಹಾಸಿ, ಸ್ವಲ್ಪ ಸ್ವಲ್ಪವಾಗಿ ನೀರು ತುಂಬಿ ಎರಡು ಮೂರು ದಿನ ಬಿಡಿ. ಸೋರಿದರೆ ಸಿಲಿಕೋನ್ ಮೇಲೆ ಸಿಲಿಕೋನ್ ಬಳಿಯುವುದು ವ್ಯರ್ಥ. ಒಣಗಿದ ಹಳೆಯದಕ್ಕೆ ಹೊಸದು ಹಿಡಿಯುವುದಿಲ್ಲ. ಒಳಗಿನ ಹಳೆಯ ಪಟ್ಟಿಯನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಶಿಲೀಂಧ್ರನಾಶಕ ಬೆರೆಸದ ಅಕ್ವೇರಿಯಂ ಸಿಲಿಕೋನ್ ಹಚ್ಚಿ, ವಾರ ಕಾದು ಮತ್ತೆ ಪರೀಕ್ಷಿಸಿ. ಗಾಜುಗಳನ್ನು ಬೆಸೆದ ಜೋಡಣೆಯೇ ಬಿಟ್ಟಿದ್ದರೆ ತೊಟ್ಟಿಯನ್ನು ಬಿಚ್ಚಿ ಕಟ್ಟಬಲ್ಲವರ ಕೈಗೆ ಕೊಡಿ.

90×45×45 ಸೆಂ.ಮೀ. ಅಳತೆಯ ತೊಟ್ಟಿ ನೀರು, ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ ಕಾಲು ಟನ್‌ನಷ್ಟಾಗುತ್ತದೆ. ತುಂಬಿದ ಮೇಲೆ ಸರಿಸಲಾಗದು. ಬಿಸಿಲು ಬೀಳದ ಗೋಡೆಬದಿ ಮೊದಲೇ ಆರಿಸಿ. ವಿದ್ಯುತ್ ತಂತಿಗಳು ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಮೇಲೇರುವಂತಿರಲಿ, ಆಗ ಜಾರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಆ ವಿದ್ಯುತ್ ಸಾಲಿಗೆ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್, ಇರಲೇಬೇಕು.

ನೀರೇ ನಿಜವಾದ ಕೆಲಸ

ಬೆಂಗಳೂರಿನ ಕೊಳವೆಬಾವಿ ನೀರಿನಲ್ಲಿ ಗಡಸುತನವಿರುತ್ತದೆ, ಹಲವೆಡೆ ನೈಟ್ರೇಟ್ ಕೂಡ. ಅದು ಪಾಚಿಗೆ ಹಬ್ಬದೂಟ. ಮನೆಯ ಆರ್‌ಒ ಯಂತ್ರ ಸಾಕೆಂದುಕೊಳ್ಳಬೇಡಿ. ರುಚಿಗಾಗಿ ಖನಿಜ ಬೆರೆಸುವ ಯಂತ್ರಗಳ ನೀರಿನಲ್ಲಿ ಟಿಡಿಎಸ್ (ಕರಗಿದ ಲವಣ, ಖನಿಜಗಳ ಒಟ್ಟು ಪ್ರಮಾಣ) ಉಳಿದಿರುತ್ತದೆ. ನಮಗೆ ಬೇಕಾದದ್ದು ಸೊನ್ನೆ. ಅದಕ್ಕೆ ಆರ್‌ಒ ನಂತರ ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರೆಸಿನ್ ಕೊಳವೆ ಜೋಡಿಸಬೇಕು. ಮಂಗಳೂರಿನವರಿಗೆ ಕಡಲ ನೀರನ್ನೇ ಹೊತ್ತು ತರುವ ಆಸೆಯಾಗುವುದು ಸಹಜ. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಅಳಿವೆಯ ಸುತ್ತ ನೀರು ಕದಡಿ, ಉಪ್ಪು ಇಳಿದಿರುತ್ತದೆ. ಅಕ್ವೇರಿಯಂ ಉಪ್ಪನ್ನೇ ನಂಬಿ. ಅಡುಗೆ ಉಪ್ಪಿನಲ್ಲಿ ಕಡಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲ.

ಲೀಟರಿಗೆ ಸುಮಾರು 36 ಗ್ರಾಂ ಉಪ್ಪನ್ನು ನೀರಿಗೆ ಹಾಕಿ, ಪಂಪಿನಿಂದ ಒಂದು ದಿನ ಕಲಕಿ. ಲವಣಾಂಶ ಸಾವಿರಕ್ಕೆ 35 ಇರಬೇಕು. ಅಳೆಯಲು ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದರಿಂದ ಉಪ್ಪಿನಂಶ ತೋರುವ ಉಪಕರಣ) ಬಳಸಿ, ಅದನ್ನು ಅದೇ ಲವಣಾಂಶದ ದ್ರಾವಣದಿಂದ ಸರಿಹೊಂದಿಸಿ. ಉಷ್ಣತೆ 25ರಿಂದ 26 ಡಿಗ್ರಿ.

ಕಲ್ಲು ಜೋಡಿಸಿ, ತೊಟ್ಟಿಯೊಳಗೆ ನೀರಿನ ಹರಿವು ಹುಟ್ಟಿಸುವ ಪವರ್‌ಹೆಡ್ ಪಂಪು ಓಡಿಸಿ, ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಅಮೋನಿಯಾವನ್ನೂ ಬ್ಯಾಕ್ಟೀರಿಯಾ ದ್ರಾವಣವನ್ನೂ ಹಾಕಿ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಇದಕ್ಕೆ ನಾಲ್ಕರಿಂದ ಆರು ವಾರ ಬೇಕಾಗಬಹುದು. ಖಾಲಿ ತೊಟ್ಟಿ ನೋಡುತ್ತ ಕೂರುವುದು ಕಷ್ಟವೇ. ಆದರೂ ಹಾಕಿದ ಅಮೋನಿಯಾ ಒಂದು ದಿನದಲ್ಲಿ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ತೋರುವ ತನಕ ಒಂದು ಮೀನನ್ನೂ ತರಬೇಡಿ. ಆಮೇಲೆ ಅರ್ಧದಷ್ಟು ನೀರು ಬದಲಿಸಿ ನೈಟ್ರೇಟ್ ಇಳಿಸಿ.

ಮೊದಲಿಗೆ ಮೀನುಮರಿ ಕೇಂದ್ರಗಳಲ್ಲಿ ಬೆಳೆಸಿದ ಒಂದು ಜೋಡಿ ಕ್ಲೌನ್ ಮೀನು ಸಾಕು. ಕಡಲಿನಿಂದ ಹಿಡಿದ ಮೀನಿಗಿಂತ ಅವು ತೊಟ್ಟಿಯ ಬದುಕಿಗೆ ಬೇಗ ಒಗ್ಗುತ್ತವೆ, ಕಡಲಿಗೂ ನಷ್ಟವಿಲ್ಲ. ದಿನವೂ ಆವಿಯಾದ ಜಾಗಕ್ಕೆ ಉಪ್ಪಿಲ್ಲದ ಶುದ್ಧ ನೀರನ್ನೇ ತುಂಬಿಸಿ, ಉಪ್ಪು ಆವಿಯಾಗುವುದಿಲ್ಲವಲ್ಲ. ಕರೆಂಟು ಹೋದಾಗ ಆಮ್ಲಜನಕ ಇಳಿಯುತ್ತದೆ, ಬ್ಯಾಟರಿ ಚಾಲಿತ ಗಾಳಿ ಪಂಪೊಂದು ಕೈಗೆಟುಕುವಂತಿರಲಿ. ಮುಂದಿನ ಮೀನು ತಂದಾಗ ನೇರವಾಗಿ ಈ ತೊಟ್ಟಿಗೆ ಬಿಡದೆ, ಬೇರೊಂದು ಸಣ್ಣ ತೊಟ್ಟಿಯಲ್ಲಿ ನಾಲ್ಕು ವಾರ ಇಟ್ಟು ನೋಡಿ. ತಾಮ್ರದ ಔಷಧ ಬೇಕಾದರೆ ಅಲ್ಲೇ ಕೊಡಬಹುದು.